ದ್ಯಾಮವ್ವ ಮತ್ತಿತರರು

ಸೋಮವಾರ, ೩ ಫೆಬ್ರುವರಿ ೨೦೨೫

ಹುಬ್ಬಳ್ಳಿಯ ಕಾಗದದ ವ್ಯಾಪಾರಿ ಈ ಡೈರಿ ಕೊಟ್ಟು ಒಂದು ತಿಂಗಳಾಯಿತು. ಇಷ್ಟು ದಿನ ಇದರ ಮೇಲೆ ಚಹದ ಕಪ್ಪು ಇಡುತ್ತಿದ್ದೆ. ಇದನ್ನು ಓದುವವರು ಯಾರೂ ಇಲ್ಲವಾದ್ದರಿಂದ ಸಂಕೋಚ ಬಿಟ್ಟು ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ಕಡೆ ಲಗ್ನಪತ್ರಿಕೆ ಎಂದರೆ ಹುಚ್ಚೀರಪ್ಪ. ಹಿಟ್ನಾಳದ ಸಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿ ಬಂದವನು. ಎಂ.ಎ. ಮಾಡಿದವರೂ ನನ್ನ ಪ್ರೆಸ್ಸಿನಲ್ಲಿ ಕೈಕಟ್ಟಿ ನಿಂತು, ‘ಇದು ಬರೋಬ್ಬರಿ ಐತೇನ್ರಿ’ ಎಂದು ಕೇಳುತ್ತಾರೆ. ನನ್ನ ಪ್ರತಿ ಪತ್ರಿಕೆಯ ಕೆಳಗೂ ‘ಮುದ್ರಣ: ಹುಚ್ಚೀರಪ್ಪ, ಲಗ್ನಪತ್ರಿಕಾ ಸಾಮ್ರಾಟ, ಕೊಪ್ಪಳ’ ಎಂಬ ಸಾಲು ಇರುತ್ತದೆ. ಒಮ್ಮೆ ಅದು ಮದುಮಗನ ಹೆಸರಿಗಿಂತ ದಪ್ಪ ಬಿತ್ತು. ಬೀಗರು ಜಗಳಕ್ಕೆ ಬಂದರು. ‘ಮದುವಿ ಒಂದ ದಿನದ್ದು, ಪ್ರೆಸ್ ಮೂವತ್ತು ವರ್ಷದ್ದು’ ಎಂದೆ. ಸುಮ್ಮನೆ ಹೋದರು.

ಇವತ್ತು ಪ್ರೆಸ್ಸಿಗೆ ದುರ್ಗಾದೇವಿ ಬಂದಿದ್ದಳು. ಕುಷ್ಟಗಿಯಲ್ಲಿ ಬಸ್ ಕಂಡಕ್ಟರ್ ಆಗಿರುವ ನನ್ನ ಅಣ್ಣ ಕಾಶಿನಾಥನ ಮಗಳು. ಓದಲು ಬಂದವಳು ನಮ್ಮ ಮನೆಯಲ್ಲೇ ಉಳಿದಿದ್ದಾಳೆ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಎರಡು ವರ್ಷದಿಂದ ತುಂಗಭದ್ರೆಯ ನಡುಗಡ್ಡೆ ವಿರೂಪಾಪುರಗಡ್ಡೆಗೆ ಹೋಗಿ, ಹೊಳೆಯ ಬಂಡೆಗಳ ಮೇಲೆ ಕುಳಿತು ನೀರುನಾಯಿ ನೋಡುತ್ತಾಳೆ. ನೋಡಿದ್ದನ್ನು ‘ಹೊಳಿದಂಡಿ’ ಎಂಬ ತನ್ನ ಬ್ಲಾಗಿನಲ್ಲಿ ಬರೆಯುತ್ತಾಳೆ. ನಾಯಿ ನೋಡುವುದೂ ಒಂದು ಉದ್ಯೋಗವೇ ಎಂದು ನಾನು ಬಹಳ ನಕ್ಕಿದ್ದೇನೆ.

“ಕಾಕಾ, ಒಂದ ಕೆಲಸ ಐತಿ. ನಿನ್ನಷ್ಟು ಜಲ್ದಿ ಟೈಪ್ ಮಾಡೋರು ಯಾರೂ ಇಲ್ಲ” ಎಂದಳು.

“ಈಗ ನೋಡು ಖರೇ ಮಾತು ಆಡಿದಿ.”

ಸಂಗತಿ ಏನೆಂದರೆ, ಯಾವುದೋ ಸಂಸ್ಥೆಯವರು ಒಂದು ಸಾಫ್ಟ್‌ವೇರ್ ಮಾಡಿದ್ದಾರಂತೆ. ಅದು ವಿಜ್ಞಾನದ ಬ್ಲಾಗುಗಳನ್ನು ಹೊಕ್ಕು ಪ್ರತಿ ಲೇಖನದ ತಲೆಬರಹ ಯಾವುದು, ಬರೆದವರು ಯಾರು, ಯಾವತ್ತು ಬರೆದರು, ಯಾವ ಪುಸ್ತಕ ನೋಡಿ ಬರೆದರು ಎಂಬುದನ್ನು ಹೆಕ್ಕಿ ತೆಗೆಯುತ್ತದೆ. ಆಮೇಲೆ ದೊಡ್ಡ ದೊಡ್ಡ ಗ್ರಂಥಾಲಯಗಳಿಗೆ ಬೇಕಾದ ನಮೂನೆಗೆ ತಿರುಗಿಸಿ, ಒಂದು ಕಾಯಂ ನಂಬರ್ ಕೊಡುತ್ತದೆ. ಅಲ್ಲಿಗೆ ಬ್ಲಾಗಿನ ಬರಹ ಪಂಡಿತರ ಬರಹವಾಯಿತು.

“ಆ ಸಾಫ್ಟ್‌ವೇರ್‌ಗೆ ಕಣ್ಣಿಲ್ಲ ಕಾಕಾ. ತಲೆಬರಹದ ಕೆಳಗ, ತಾರೀಖಿನ ಮ್ಯಾಲ ಏನಿರ್ತದೋ ಅದೆಲ್ಲಾ ಬರದವ್ರ ಹೆಸರು ಅಂತ ತಿಳಕೊಂತದ. ಹಳೇ ಲೇಖನದ ತಲಿ ಎಲ್ಲಾ ಒಪ್ಪ ಮಾಡು. ಹೊಸಾದೊಂದು ಬರದೀನಿ, ಮರಿಗಳ ಬಗ್ಗೆ. ಅದನ್ನ ಟೈಪ್ ಮಾಡಿ ಇಡು. ಕಳಸೂದು ಮಾತ್ರ ನಾ ಬಂದು ಕಳಸ್ತೀನಿ, ಹಾಂ?”

ಈ ಮರಿಗಳ ಲೇಖನದ ಮೇಲೆಯೇ ಅವಳ ಪಿಎಚ್.ಡಿ. ಸೀಟು ನಿಂತಿದೆ. ಅರ್ಜಿ ಹಾಕಿದವರೇ ಮುಖ್ಯ ಲೇಖಕರಾಗಿರುವ ಒಂದು ಬರಹವನ್ನು ತೋರಿಸಬೇಕಂತೆ. ಮಾರ್ಚಿನಲ್ಲಿ ಸಂದರ್ಶನ. ಸೀಟು ಸಿಕ್ಕರೆ ವೇತನ ಕೊಟ್ಟು ಓದಿಸುತ್ತಾರೆ. ಸಿಗದಿದ್ದರೆ ಕಾಶಿನಾಥ ಗಂಡು ನೋಡಿಟ್ಟಿದ್ದಾನೆ. ಲಗ್ನಪತ್ರಿಕೆ ಹೇಗೂ ನಮ್ಮಲ್ಲೇ.

ಸಂಜೆ ಗಡ್ಡೆಗೆ ಹೋದಳು. ಒಂದು ವಾರ ಅಲ್ಲೇ. ಅವಳು ಕೂರುವ ಬಂಡೆಗಳ ಹತ್ತಿರ ಫೋನು ಹತ್ತುವುದಿಲ್ಲ.

ಬುಧವಾರ, ೫ ಫೆಬ್ರುವರಿ

ಕೈಬರಹದ ಹಾಳೆಗಳನ್ನು ಮುಂದೆ ಇಟ್ಟುಕೊಂಡು ಕುಳಿತೆ. ಚಹ ಆರುವ ಮೊದಲು ಎರಡು ಹಾಳೆ ಮುಗಿದಿದ್ದವು. ನಾನು ಅಕ್ಷರ ನೋಡುತ್ತೇನೆ, ಅರ್ಥ ನೋಡುವುದಿಲ್ಲ. ಅರ್ಥ ನೋಡುತ್ತ ಕುಳಿತವನ ಬೆರಳು ಓಡುವುದಿಲ್ಲ. ಇದು ನನ್ನ ಗುರು ಅಚ್ಚಿನ ಮೊಳೆ ಜೋಡಿಸುವ ಕಾಲದಲ್ಲಿ ಕಲಿಸಿದ ವಿದ್ಯೆ.

ಮುಗಿಸಿ ನೋಡಿದರೆ ಹಾಳೆ ಬೋಳುಬೋಳು. ಮೇಲೆ ತಲೆಬರಹ, ಕೆಳಗೆ ಒಂಟಿಯಾಗಿ ‘ದುರ್ಗಾದೇವಿ’. ಹಿಂದೆ ಮುಂದೆ ಯಾರೂ ಇಲ್ಲದ ಪರದೇಶಿಯಂತೆ. ಹಿರಿಯರ ಹೆಸರಿಲ್ಲದ ಹಾಳೆ ನನ್ನ ಪ್ರೆಸ್ಸಿನಿಂದ ಇಂದಿನವರೆಗೆ ಹೊರಗೆ ಹೋಗಿಲ್ಲ. ಹುಡುಗಿ ಸಣ್ಣವಳು, ತಿಳಿಯದು. ತಿಳಿದವರು ನಾವು ಮಾಡಬೇಕು.

ಎಲ್ಲಕ್ಕಿಂತ ಮೇಲೆ ನಮ್ಮ ಅವ್ವ, ಕೈ. ದ್ಯಾಮವ್ವ. ಕೈಲಾಸ ಸೇರಿ ಎಂಟು ವರ್ಷವಾದರೂ ಮನೆಗೆ ಅವಳೇ ಹಿರಿಯಳು. ಕಾಶಿನಾಥ ನನಗಿಂತ ದೊಡ್ಡವನು ನಿಜ, ಆದರೆ ಟೈಪ್ ಮಾಡಿದವನು ನಾನು. ಹಾಗಾಗಿ ಎರಡನೆಯವನು ನಾನು. ಮೂರನೆಯವನು ಕಾಶಿನಾಥ. ಆಮೇಲೆ ನನ್ನ ಹೆಂಡತಿ ಫಕೀರಮ್ಮ. ಆಮೇಲೆ ದುರ್ಗಾದೇವಿ. ಕೊನೆಗೆ ‘ಬಂಧು-ಮಿತ್ರರು’, ಅವರನ್ನು ಬಿಟ್ಟರೆ ನಾಳೆ ಮಾತು ಬರುತ್ತದೆ. ಹಳೆಯ ಲೇಖನಗಳಿಗೂ ಇದೇ ಸಿಂಗಾರ ಮಾಡಿದೆ.

ಇಷ್ಟೆಲ್ಲ ಸೇರಿಸಿದಾಗ ಹೊಸ ಲೇಖನ ಎರಡು ಪುಟಕ್ಕೆ ಕೂಡಲಿಲ್ಲ. ಕೊನೆಯ ಒಂದು ತುಂಡು ಹೊರಗೆ ಉಳಿಯಿತು. ಕೊನೆಯಲ್ಲಿ ಮುಖ್ಯವಾದದ್ದೇನೂ ಇರುವುದಿಲ್ಲ. ತೆಗೆದುಹಾಕಿದೆ.

ಅವಳು ಬಂದು ಕಳಿಸುತ್ತೇನೆ ಎಂದಿದ್ದಳು. ಆದರೆ ಗುಂಡಿ ಎದುರಿಗೇ ಇತ್ತು. ಗುಂಡಿ ಒತ್ತುವುದಕ್ಕೂ ಎಂ.ಎಸ್ಸಿ. ಬೇಕೇ? ಒತ್ತಿದೆ.

ಗುರುವಾರ, ೬ ಫೆಬ್ರುವರಿ

ಪಕ್ಕದ ಹೋಟೆಲಿನ ಮಕ್ಬುಲಸಾಬ ಮೊಬೈಲು ಹಿಡಿದು ಓಡಿಬಂದ. ಕೈಯಲ್ಲಿ ಮಿರ್ಚಿ ಕರಿಯುವ ಜಾಲರಿ ಹಾಗೇ ಇತ್ತು, ಎಣ್ಣೆ ತೊಟ್ಟಿಕ್ಕುತ್ತಿತ್ತು.

“ಹುಚ್ಚೀರಪ್ಪಣ್ಣಾ! ನೀವು ಹೇಳಿದಾಗ ಎಂದಿನಂಗ ಬಂಡಲ್ ಬಿಡ್ತೀರಿ ಅಂದ್ಕೊಂಡಿದ್ದೆ. ಮೊಬೈಲಿನ್ಯಾಗ ನಿಮ್ಮ ಹೆಸರು ಹಾಕಿ ಹುಡುಕಿದ್ರ ಖರೇನ ಬರ್ತದಲ್ರಿ! ಸಂಶೋಧಕರು ಅಂತ ಬರ್ತದ!”

ನೋಡಿದೆ. ನನ್ನ ಹೆಸರು. ನೀರುನಾಯಿಗಳ ಸಂಶೋಧಕ. ಪಕ್ಕದಲ್ಲಿ ಉದ್ದನೆಯ ಕಾಯಂ ನಂಬರ್. ಮೂವತ್ತು ವರ್ಷ ಸಾವಿರಾರು ಹೆಸರು ಅಚ್ಚು ಹಾಕಿದವನು ನಾನು, ಆದರೆ ಇದನ್ನು ನೋಡಿ ಬಾಯಿ ತೆರೆದದ್ದು ಹಾಗೇ ಉಳಿಯಿತು.

“ಸನ್ಮಾನ ಮಾಡಬೇಕ್ರಿ ನಿಮಗ” ಎಂದ ಮಕ್ಬುಲಸಾಬ.

“ನಾ ಬ್ಯಾಡ ಅನ್ನಂಗಿಲ್ಲ” ಎಂದೆ.

ಮಾರ್ಚ್ ೯ರ ಭಾನುವಾರ ಗೊತ್ತಾಯಿತು. ಕರಪತ್ರ ನಾನೇ ಜೋಡಿಸಿದೆ: ‘ಖ್ಯಾತ ವಿಜ್ಞಾನಿ ಹುಚ್ಚೀರಪ್ಪನವರಿಗೆ ನಾಗರಿಕ ಸನ್ಮಾನ’. ಫೋಟೊ ನನ್ನದೇ, ಹತ್ತು ವರ್ಷ ಹಳೆಯದು, ಕೂದಲು ಇದ್ದಾಗಿನದು.

ಸೋಮವಾರ, ೧೦ ಫೆಬ್ರುವರಿ

ದುರ್ಗಾ ಗಡ್ಡೆಯಿಂದ ಬಂದಳು. ಬಸ್ಸಿನಲ್ಲೇ ಮೊಬೈಲಿಗೆ ಎಲ್ಲ ಬಂದಿರಬೇಕು. ಚಪ್ಪಲಿ ಬಿಡದೆ ಪಡಸಾಲೆಗೆ ಬಂದು ನಿಂತಳು. ನಾನು ಹಿಗ್ಗಿನಿಂದ ಮೇಲೆದ್ದೆ.

“ಕಾಕಾ, ಏನ ಮಾಡಿದಿ ಇದು?”

“ಚಂದ ಆಗೇತಿಲ್ಲ? ಹಿರೇರ ಹೆಸರು ಮೊದಲ...”

“ಇದು ಲಗ್ನಪತ್ರಿಕೆ ಅಲ್ಲೋ ಕಾಕಾ!” ದನಿ ಒಡೆಯಿತು. “ಬರದವ್ರ ಹೆಸರು ಹಾಕೋ ಜಾಗ ಅದು. ಮೊದಲ ಹೆಸರು ಇದ್ದವರ ಮುಖ್ಯ ಲೇಖಕರು. ಅಜ್ಜಿ ಒಂದನೇದಾಕಿ, ನೀ ಎರಡನೇದಾಂವ. ನಾ ಐದನೇದಾಕಿ! ಅರ್ಜಿಗೆ ಇದ ಹೋಗೇತಿ. ನಂಬರ್ ಬಿದ್ದ ತಕ್ಷಣ ತಾನ ಹೋಗಿ ಕುಂತೇತಿ.”

“ತಪ್ಪಾದ್ರ ಅಳಿಸಿದ್ರಾತು. ಪ್ರೂಫ್ ತಿದ್ದಿದಂಗ.”

ಅವಳು ನನ್ನನ್ನು ನೋಡಿದ ನೋಟ... ನನಗೆ ಬೈಗುಳ ಗೊತ್ತು, ಬಾಕಿ ಕೇಳಲು ಬಂದವರ ಕೂಗಾಟ ಗೊತ್ತು. ಇದು ಅದಲ್ಲ.

“ಅಳಿಸಾಕ ಬರಂಗಿಲ್ಲ. ಕಾಯಂ ಅಂದ್ರ ಕಾಯಂ” ಎಂದು ಒಳಗೆ ಹೋದಳು.

ಫಕೀರಮ್ಮ ಅಡುಗೆಮನೆಯ ಬಾಗಿಲಲ್ಲಿ ರೊಟ್ಟಿಯ ಹಿಟ್ಟು ಕೈಯಲ್ಲೇ ಹಿಡಿದು ನಿಂತಿದ್ದಳು. “ನನ್ನ ಹೆಸರೂ ಹಾಕೀರೇನು?” ಎಂದಳು. ಹೌದೆಂದೆ. “ಯಾರನ್ನ ಕೇಳಿ?” ಎಂದಳು.

ಮಂಗಳವಾರ, ೧೧ ಫೆಬ್ರುವರಿ

ಊಟಕ್ಕೆ ಬಾ ಎಂದು ಯಾರೂ ಕರೆಯಲಿಲ್ಲ. ರೊಟ್ಟಿ ಮಾತ್ರ ತಟ್ಟೆಗೆ ಬಂತು.

ಶುಕ್ರವಾರ, ೧೪ ಫೆಬ್ರುವರಿ

ಸಾಫ್ಟ್‌ವೇರ್ ಸಂಸ್ಥೆಗೆ ದುರ್ಗಾ ಫೋನ್ ಹಚ್ಚಿದಳು. ಪ್ರಭುರಾಜ ಎಂಬುವವರು ಎತ್ತಿದರು. ದನಿ ಸ್ಪೀಕರಿನಲ್ಲಿ ಹಾಕಿದ್ದಳು. ನಾನು ಕದದ ಹಿಂದೆ ನಿಂತಿದ್ದೆ. ಕದ್ದು ಕೇಳಲಿಲ್ಲ, ನಮ್ಮದೇ ಮನೆಯ ಕದ.

“ಮೇಡಂ, ತೆಗೆದುಹಾಕೋಕೆ ಆಗಲ್ಲ. ಒಮ್ಮೆ ನಂಬರ್ ಬಿದ್ದರೆ ಆ ದಾಖಲೆ ಇದ್ದೇ ಇರುತ್ತೆ. ಹೊಸ ಆವೃತ್ತಿ ಹಾಕಬಹುದು. ಅದು ಮುಂದೆ ಕಾಣುತ್ತೆ, ಹಳೆಯದು ಹಿಂದೆ ಇರುತ್ತೆ. ಆದರೆ ಲೇಖಕರ ಹೆಸರು ತೆಗೀಬೇಕು ಅಂದರೆ ಆ ಎಲ್ಲ ಲೇಖಕರೂ ತಾವು ಏನು ಮಾಡಿದ್ದರು, ಏನು ಮಾಡಿಲ್ಲ ಅಂತ ತಮ್ಮ ಕೈಯಾರೆ ಬರೆದುಕೊಡಬೇಕು. ಇಲ್ಲಾಂದ್ರೆ ನಾಳೆ ಯಾರೋ ಯಾರದೋ ಹೆಸರು ತೆಗೆಸ್ತಾರೆ.”

“ಸರ್, ಮೊದಲನೇದಾಕಿ ನಮ್ಮ ಅಜ್ಜಿ. ತೀರಿಕೊಂಡಾಳ.”

“ಓ, ಕ್ಷಮಿಸಿ. ಯಾವಾಗ?”

“ಎಂಟ ವರ್ಷಾತ್ರಿ.”

ಆ ಕಡೆ ಕೀಲಿಮಣೆ ಕಟಕಟ ಎಂದಿತು. “ಈ ಲೇಖನ ಹೋದ ವಾರದ್ದು ಅಲ್ವಾ ಮೇಡಂ?”

“ಹೌದ್ರಿ.”

“ಮನೆಯ ಹಿರಿಯರೊಬ್ಬರು ಬರೆದುಕೊಟ್ಟರೆ ಸಾಕು. ಮತ್ತೆ... ಆರನೆಯವರು ಬಂಧು-ಮಿತ್ರರು ಅಂತಿದ್ದಾರೆ. ಅವರ ಫೋನ್ ನಂಬರ್ ಇದೆಯಾ?”

ದುರ್ಗಾ ನಗುತ್ತಾಳೆಂದು ಕಾದೆ. ನಗಲಿಲ್ಲ. ತಾಳ್ಮೆಯಿಂದ ಬಂಧು-ಮಿತ್ರರು ಎಂದರೆ ಏನೆಂದು ಬಿಡಿಸಿ ಹೇಳಿದಳು.

ಗುರುವಾರ, ೨೦ ಫೆಬ್ರುವರಿ

ಇವತ್ತಿನದು ಎಲ್ಲಕ್ಕಿಂತ ದೊಡ್ಡ ಆಘಾತ. ಪರದೇಶದ ಯಾರೋ ವಿಜ್ಞಾನಿ ನೀರುನಾಯಿಗಳ ಬಗ್ಗೆ ಬರೆಯುತ್ತ ನಮ್ಮ ಲೇಖನವನ್ನು ಎತ್ತಿ ಹೇಳಿದ್ದಾರೆ. ಫಕೀರಮ್ಮನಿಗೆ ತಿಳಿಯಲೆಂದು ದುರ್ಗಾ ಕನ್ನಡದಲ್ಲಿ ಓದಿದಳು: “ತುಂಗಭದ್ರೆಯ ಈ ಭಾಗದಲ್ಲಿ ನೀರುನಾಯಿ ಮರಿ ಸಾಕುವುದನ್ನು ದ್ಯಾಮವ್ವ ಮತ್ತಿತರರು ಕಂಡು ದಾಖಲಿಸಿದ್ದಾರೆ.”

ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ನಮ್ಮ ಅವ್ವ! ಹಿಟ್ನಾಳ ಬಿಟ್ಟು ಹುಲಿಗಿಯ ಆಚೆಗೆ ಹೋಗದವಳು, ಹೆಬ್ಬೆಟ್ಟು ಒತ್ತಿದವಳು, ಅವಳ ಹೆಸರನ್ನು ಸಮುದ್ರದ ಆಚೆ ಓದುತ್ತಿದ್ದಾರೆ! ನನ್ನಿಂದ! ಕಣ್ಣಲ್ಲಿ ನೀರು ಬಂತು.

“ಮತ್ತಿತರರು ಅಂದ್ರ ನಾನು ಹೌದಿಲ್ಲ?” ಎಂದು ಕೇಳಿದೆ.

“ಹೌದು” ಎಂದಳು ದುರ್ಗಾ. “ನೀನೂ. ಚಿಗವ್ವನೂ. ಅಪ್ಪನೂ. ನಾನೂ.”

ಎರಡು ವರ್ಷ ಬಂಡೆಯ ಮೇಲೆ ಕುಳಿತವಳು ಅವಳು. ಬಿಸಿಲಿಗೆ ಮುಖದ ಬಣ್ಣವೇ ಬೇರೆಯಾಗಿದೆ. ಅವಳು ‘ಮತ್ತಿತರರು’. ನಾನು ಯಾವ ಪತ್ರಿಕೆಯಲ್ಲೂ ಮದುಮಗಳನ್ನು ‘ಇತ್ಯಾದಿ’ ಎಂದು ಹಾಕಿದವನಲ್ಲ. ಹಾಕಿದ್ದರೆ ಹೊಡೆತ ತಿನ್ನುತ್ತಿದ್ದೆ.

ಊಟ ಸೇರಲಿಲ್ಲ. ಬದನೆಕಾಯಿ ಎಣ್ಣೆಗಾಯಿ ಇತ್ತು.

ಸೋಮವಾರ, ೨೪ ಫೆಬ್ರುವರಿ

ಸೀಟು ಕೊಡುವವರಿಂದ ಉತ್ತರ ಬಂತು. ‘ಈ ಬರಹದಲ್ಲಿ ನೀವು ಐದನೆಯವರು. ಮುಖ್ಯ ಲೇಖಕಿ ದ್ಯಾಮವ್ವ ಅವರ ಒಪ್ಪಿಗೆಯೊಂದಿಗೆ ನಿಮ್ಮ ಪಾತ್ರವನ್ನು ತಿಳಿಸಿ, ಇಲ್ಲವೇ ತಿದ್ದಿದ ದಾಖಲೆಯನ್ನು ಮಾರ್ಚ್ ೫ರೊಳಗೆ ತೋರಿಸಿ. ಅಲ್ಲಿಯವರೆಗೆ ಅರ್ಜಿಯನ್ನು ತಡೆಹಿಡಿಯಲಾಗಿದೆ.’

ಕಾಶಿನಾಥ ಕುಷ್ಟಗಿಯಿಂದ ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದ. ಬಾಗಿಲಲ್ಲೇ ಶುರು ಮಾಡಿದ.

“ಅವ್ವ ಬದುಕಿದ್ದಾಗ ಒಂದ ದಿನ ದವಾಖಾನಿಗೆ ಕರಕೊಂಡು ಹೋಗಲಿಲ್ಲ. ಸತ್ತ ಮ್ಯಾಲ ವಿಜ್ಞಾನಿ ಮಾಡಿಯೇನೋ?”

“ನಾ ಕರಕೊಂಡು ಹೋಗೀನಿ.”

“ಗಾಡಿ ಬಾಡಿಗಿ ನಾ ಕೊಟ್ಟೆ.”

ಹಿರಿಯ ಮಗನೆಂದು ಅವ್ವನ ಪರವಾಗಿ ಬರೆದುಕೊಟ್ಟ: ‘ನಮ್ಮ ತಾಯಿಗೆ ಓದು ಬರಹ ಬರುತ್ತಿರಲಿಲ್ಲ, ಈ ಲೇಖನ ಅವಳದಲ್ಲ.’ ತನ್ನದನ್ನೂ ಬರೆದ. ಫಕೀರಮ್ಮ ಒಲೆಯ ಮುಂದೆ ಕುಳಿತೇ, ಮೊಣಕಾಲ ಮೇಲೆ ಹಾಳೆ ಇಟ್ಟು, ನಾಲ್ಕನೆಯ ಇಯತ್ತೆಯ ದುಂಡು ಅಕ್ಷರದಲ್ಲಿ ಬರೆದಳು: ‘ನಾನು ರೊಟ್ಟಿ ಬುತ್ತಿ ಕಟ್ಟಿ ಕೊಟ್ಟೇನಿ. ಲೇಖನ ನನಗೆ ಗೊತ್ತಿಲ್ಲ. ಫಕೀರಮ್ಮ.’ ಸಾರು ಉಕ್ಕುವಷ್ಟರಲ್ಲಿ ಮುಗಿಸಿದಳು! ಹೆಸರು ಹೋಗುತ್ತದೆ ಎಂಬ ಚಿಂತೆಯೇ ಇಲ್ಲ ಅವಳಿಗೆ. ಬೆರಗಾಗಿ ನೋಡುತ್ತ ನಿಂತೆ.

“ನಿಮ್ದು?” ಎಂದಳು.

“ಬರೀತೀನಿ. ಅವಸರ ಏನೈತಿ?”

ಗುರುವಾರ, ೨೭ ಫೆಬ್ರುವರಿ

ಬರೆದೆ: ‘ಸದರಿ ಲೇಖನಕ್ಕೆ ಪ್ರೇರಕ ಶಕ್ತಿಯಾಗಿ, ಮಾರ್ಗದರ್ಶಕರಾಗಿ, ಅಕ್ಷರ ಶಿಲ್ಪಿಯಾಗಿ ದುಡಿದ ಶ್ರೀ ಹುಚ್ಚೀರಪ್ಪನವರು ಕೇವಲ ತಮ್ಮ ದೊಡ್ಡ ಗುಣದಿಂದ ಹೆಸರನ್ನು ಬಿಟ್ಟುಕೊಡುತ್ತಿದ್ದಾರೆ.’

ದುರ್ಗಾ ಓದಿ ಹಾಳೆಯನ್ನು ಮೇಜಿನ ಮೇಲೆ ಇಟ್ಟಳು. “ಮಾರ್ಗದರ್ಶಕ ಅಂದ್ರ ಮತ್ತ ಲೇಖಕನ ಆದಂಗ ಕಾಕಾ. ಇದನ್ನ ಕಳಿಸಿದ್ರ ನೀ ಮೊದಲನೇದಾಂವ ಆಗ್ತಿ.” ಬೈಯಲಿಲ್ಲ. ಬೈದಿದ್ದರೆ ಒಂದು ಉತ್ತರ ಕೊಡಬಹುದಿತ್ತು.

ಹೊರಗೆ ಮಕ್ಬುಲಸಾಬ ಕರಪತ್ರ ಹಂಚುತ್ತಿದ್ದಾನೆ. ತಹಶೀಲ್ದಾರ ಕಚೇರಿಯ ಗೋಡೆಗೂ ಅಂಟಿಸಿದ್ದಾನೆ. ಬಜಾರದಲ್ಲಿ ಜನ ‘ವಿಜ್ಞಾನಿಗಳೇ’ ಎಂದು ಕರೆಯುತ್ತಾರೆ. ಏನೂ ಮಾಡಿಲ್ಲ ಎಂದು ನನ್ನ ಕೈಯಿಂದಲೇ ಬರೆದುಕೊಟ್ಟರೆ ಆ ಶಾಲನ್ನು ಯಾವ ಮುಖ ಇಟ್ಟುಕೊಂಡು ಹೊದೆಯುವುದು?

ಭಾನುವಾರ, ೨ ಮಾರ್ಚ್

ಪ್ರೆಸ್ಸಿಗೆ ರಜೆ. ಆದರೂ ಬಂದು ಕದ ತೆರೆದೆ. ಒಂದು ಉಪಾಯ ಹೊಳೆದಿತ್ತು. ಲೇಖನದಲ್ಲಿ ಎಲ್ಲಾದರೂ ನಾನು ಹೇಳಿದ ಒಂದು ಮಾತು ಇದ್ದೇ ಇರುತ್ತದೆ. ನಮ್ಮ ಮನೆಯಲ್ಲಿ ನನಗಿಂತ ಹೆಚ್ಚು ಮಾತಾಡುವವರು ಯಾರು? ಆ ಮಾತನ್ನು ಹಿಡಿದು ‘ಸಲಹೆ: ಹುಚ್ಚೀರಪ್ಪ’ ಎಂದು ಕೂರಿಸಿದರೆ ಅವಳ ಕೆಲಸವೂ ಆಗುತ್ತದೆ, ನನ್ನ ಮರ್ಯಾದೆಯೂ ಉಳಿಯುತ್ತದೆ.

ಗಿರಾಕಿಗಳ ಮೂಲ ಪ್ರತಿಯನ್ನು ಗೋಡೆಯ ತಂತಿಗೆ ಚುಚ್ಚಿ ಇಡುವುದು ನಮ್ಮ ಪದ್ಧತಿ. ದುರ್ಗಾಳ ಹಾಳೆಗಳನ್ನು ಬಿಡಿಸಿಕೊಂಡೆ. ಮತ್ತು ಓದಿದೆ.

ಇದೇ ಬೆರಳುಗಳಿಂದ ಒಂದೊಂದಕ್ಷರವನ್ನೂ ಒತ್ತಿದವನು ನಾನು. ಒಂದು ಸಾಲೂ ನನಗೆ ಗೊತ್ತಿರಲಿಲ್ಲ.

ನೀರುನಾಯಿಯ ಮರಿಗೆ ಈಜು ಬರುವುದಿಲ್ಲವಂತೆ! ನೀರಲ್ಲೇ ಬಾಳುವ ಪ್ರಾಣಿ, ಅದಕ್ಕೂ ಕಲಿಸಬೇಕಂತೆ! ತಾಯಿ ಮರಿಯ ಕುತ್ತಿಗೆ ಕಚ್ಚಿ ಹಿಡಿದು ಬಂಡೆಯಿಂದ ನೀರಿಗೆ ಎಳೆಯುತ್ತದೆ. ಮರಿ ಬಂಡೆಯನ್ನು ತಬ್ಬಿಕೊಂಡು ಚೀರುತ್ತದೆ. ತಾಯಿ ನಡುನೀರಿಗೆ ಒಯ್ದು ಬಿಟ್ಟು, ತಾನು ತುಸು ದೂರ ಹೋಗಿ ಕಾಯುತ್ತದೆ. ಮುಳುಗಿದರೆ ಬಂದು ಎತ್ತುತ್ತದೆ, ಮತ್ತೆ ಬಿಡುತ್ತದೆ. ಹೊಳೆಯಲ್ಲಿ ನೀರು ಏರಿದ ಒಂದು ದಿನ ಮೂರು ಮರಿಗಳಲ್ಲಿ ಒಂದು ಮೇಲೆ ಬರಲಿಲ್ಲ. ತಾಯಿ ಸಂಜೆಯವರೆಗೆ ಅದೇ ಜಾಗದಲ್ಲಿ ಮುಳುಗಿ ಏಳುತ್ತಿತ್ತು ಎಂದು ಬರೆದಿದ್ದಾಳೆ. ‘ನಾನು ಬಂಡೆಯ ಮೇಲೆ ಕುಳಿತಿದ್ದೆ. ನೋಡುವುದಷ್ಟೇ ನನ್ನ ಕೆಲಸ. ಅವತ್ತು ಅದು ಬಹಳ ಕಷ್ಟದ ಕೆಲಸವಾಗಿತ್ತು.’ ಈ ಹುಡುಗಿ ಆ ದಿನ ಮನೆಗೆ ಬಂದು ಸುಮ್ಮನೆ ಮಲ್ಕೊಂಡಿದ್ದಳು. ‘ನಾಯಿ ಕಡಿಯಿತೇನು’ ಎಂದು ನಾನು ನಗೆಚಾಟಿಕೆ ಮಾಡಿದ್ದೆ.

ನನ್ನ ಮಾತು ಎಲ್ಲೂ ಇರಲಿಲ್ಲ. ಕೊನೆಯ ಹಾಳೆಗೆ ಬಂದೆ. ನಾನು ಕತ್ತರಿಸಿ ಬಿಟ್ಟ ತುಂಡು ಅಲ್ಲಿತ್ತು:

‘ಕೃತಜ್ಞತೆ: ನಾನು ಏಳು ವರ್ಷದವಳಿದ್ದಾಗ ನನ್ನ ಕಾಕಾ ಹುಚ್ಚೀರಪ್ಪ ನನ್ನನ್ನು ಸೈಕಲ್ಲಿನ ಮುಂದಿನ ದಾಂಡಿಯ ಮೇಲೆ ಕೂರಿಸಿಕೊಂಡು ಹುಲಿಗಿಯ ಹೊಳೆಗೆ ಕರೆದೊಯ್ದು ಮೊದಲ ನೀರುನಾಯಿಯನ್ನು ತೋರಿಸಿದ. ಅದು ಹೊಳೆಯ ಪೊಲೀಸು, ಕಳ್ಳ ಮೀನುಗಳನ್ನು ಹಿಡಿಯಲು ಬಂದಿದೆ ಎಂದ. ಸುಳ್ಳೆಂದು ನನಗೆ ಆಗಲೇ ಗೊತ್ತಾಯಿತು. ನಿಜ ಏನೆಂದು ತಿಳಿಯುವ ಆಸೆ ಅಂದಿನಿಂದ ಹತ್ತಿಕೊಂಡಿತು. ಆ ಸುಳ್ಳಿಗೆ ನಾನು ಋಣಿ.’

ಪ್ರೆಸ್ಸಿನಲ್ಲಿ ನಾನೊಬ್ಬನೇ ಇದ್ದೆ. ಯಂತ್ರದ ಮೇಲೆ ಕೈ ಇಟ್ಟುಕೊಂಡು ಎಷ್ಟೋ ಹೊತ್ತು ನಿಂತೆ. ಅವಳು ನನಗೆ ಜಾಗ ಇಟ್ಟಿದ್ದಳು. ಅದನ್ನು ತೆಗೆದುಹಾಕಿ ಬಂಧು-ಮಿತ್ರರನ್ನು ಕೂರಿಸಿದ್ದೆ.

ಸೋಮವಾರ, ೩ ಮಾರ್ಚ್

ಬರೆದುಕೊಟ್ಟೆ. ‘ನಾನು ಹುಚ್ಚೀರಪ್ಪ. ಈ ಲೇಖನಗಳಲ್ಲಿ ನಾನು ಬರೆದದ್ದು, ನೋಡಿದ್ದು, ಸೂಚಿಸಿದ್ದು ಏನೂ ಇಲ್ಲ. ಎಲ್ಲವೂ ದುರ್ಗಾದೇವಿಯವು. ಹೆಸರುಗಳನ್ನು ಅವಳನ್ನು ಕೇಳದೆ ಸೇರಿಸಿದವನು ನಾನು. ಓದದೆ ಸೇರಿಸಿದೆ.’

ಇದಕ್ಕಿಂತ ಸಣ್ಣ ಬರಹ ನನ್ನ ಕೈಯಿಂದ ಎಂದೂ ಬಂದಿಲ್ಲ, ಇಷ್ಟು ಹೊತ್ತೂ ಹಿಡಿದಿಲ್ಲ.

ದುರ್ಗಾ ಎರಡು ಸಲ ಓದಿದಳು. ಆಮೇಲೆ ಕುರ್ಚಿ ಎಳೆದು ನನ್ನ ಪಕ್ಕ ಕುಳಿತು, “ಹೊಸ ಆವೃತ್ತಿ ಟೈಪ್ ಮಾಡು ಕಾಕಾ. ಈ ಸಲ ನಾ ಇಲ್ಲೇ ಕುಂದರ್ತೀನಿ” ಎಂದಳು.

ಅರ್ಥ ನೋಡುತ್ತ ಟೈಪ್ ಮಾಡಿದೆ. ಬೆರಳು ಓಡಲೇ ಇಲ್ಲ. ಮರಿ ಮುಳುಗಿದ ಕಡೆ ಕೈ ನಿಂತಿತು. ಕೊನೆಗೆ ಬಂದಾಗ ಕೇಳಿದೆ, “ಆ ಕೊನೀ ತುಂಡು ಬಿಡ್ಲೇನು? ಎರಡ ಪುಟಕ್ಕ ಕೂಡಂಗಿಲ್ಲ.”

“ಬ್ಲಾಗಿಗೆ ಪುಟದ ಅಳತಿ ಇರಂಗಿಲ್ಲೋ ಕಾಕಾ. ಜಾಗ ಐತಿ. ಹಾಕು.”

ಗುಂಡಿ ಅವಳೇ ಒತ್ತಿದಳು.

ಶನಿವಾರ, ೮ ಮಾರ್ಚ್

ತಿದ್ದಿದ ದಾಖಲೆ ಗಡುವಿಗೆ ಮೊದಲೇ, ಮಂಗಳವಾರ ಬಂತು. ಹೆಸರಿನ ಜಾಗದಲ್ಲಿ ‘ದುರ್ಗಾದೇವಿ’, ಒಬ್ಬಳೇ. ಪರದೇಶಿಯಂತೆ ಕಾಣಲಿಲ್ಲ. ಅರ್ಜಿಯ ತಡೆಯನ್ನೂ ತೆಗೆದಿದ್ದಾರೆ.

ನಾಳೆಯ ಸನ್ಮಾನ ಬೇಡವೆಂದು ಮಕ್ಬುಲಸಾಬನಿಗೆ ಹೇಳಲು ಹೋದೆ. ಕಾರಣ ಕೇಳುತ್ತಾನೆ, ಏನಾದರೂ ಬಂಡಲ್ ಬಿಡೋಣವೆಂದುಕೊಂಡಿದ್ದೆ. “ನಾ ಏನೂ ಮಾಡಿಲ್ಲೋ ಮಾರಾಯಾ” ಎಂಬ ಮಾತು ಬಾಯಿಗೆ ಬಂದುಬಿಟ್ಟಿತು. ಅವನು ಜಾಲರಿ ಕೆಳಗಿಟ್ಟು ಹಣೆ ಮುಟ್ಟಿ ನೋಡಿದ. “ಜ್ವರ ಇಲ್ಲಲ್ರಿ” ಎಂದ.

ಉಳಿದ ಕರಪತ್ರ ಅವನಿಗೇ ಕೊಟ್ಟೆ. ಸಂಜೆ ಮಿರ್ಚಿ ಅದರಲ್ಲೇ ಕಟ್ಟಿ ಕೊಡುತ್ತಿದ್ದ. “ಅಣ್ಣಾ, ನಿಮ್ಮ ಫೋಟೊ ಎಣ್ಣಿ ಭಾಳ ಛಲೋ ಹೀರ್ತದ!” ನಾನೂ ಎರಡು ಮಿರ್ಚಿ ತಿಂದೆ. ನನ್ನ ಮುಖದ ಮೇಲಿಟ್ಟು ತಿಂದೆ.

ಶುಕ್ರವಾರ, ೨೧ ಮಾರ್ಚ್

ಸಂದರ್ಶನ ಮುಗಿಸಿ ದುರ್ಗಾ ಬಂದಳು. ಹಳೆಯ ದಾಖಲೆ ಹಿಂದೆ ಇದ್ದೇ ಇದೆಯಲ್ಲ, ಅವರು ಅದನ್ನೂ ತೆರೆದು ನೋಡಿದ್ದಾರೆ. ಮೊದಲ ಪ್ರಶ್ನೆಯೇ, “ಈ ಹುಚ್ಚೀರಪ್ಪ ಯಾರು?” ಎಂಬುದಂತೆ!

ಕೈಯಲ್ಲಿದ್ದ ಚಹ ತುಳುಕಿತು. “ನೀ ಏನಂದಿ?” ಎಂದು ಕೇಳಿದ್ದು ನಾನಲ್ಲ, ಫಕೀರಮ್ಮ.

“ಹೇಳಿದೆ, ಚಿಗವ್ವ. ಎಲ್ಲಾರೂ ನಕ್ಕರು. ಆಮ್ಯಾಲ ಬರೇ ನೀರುನಾಯಿ ಬಗ್ಗೆ ಕೇಳಿದ್ರು.”

ಏನು ಹೇಳಿದಳೆಂದು ಹೇಳಲಿಲ್ಲ. ನನಗೂ ಕೇಳಬೇಕೆನಿಸಿತು, ಭಾಳ ಅನಿಸಿತು. ಚಹ ಒರೆಸಿದೆ.

ಶನಿವಾರ, ೨೯ ಮಾರ್ಚ್

ಸೀಟು ಸಿಕ್ಕಿತು.

ಕಾಶಿನಾಥ ಫೋನಿನಲ್ಲಿ ಅತ್ತ. ಫಕೀರಮ್ಮ ನಾಳಿನ ಯುಗಾದಿಯ ಹೋಳಿಗೆಗೆ ನೆನೆಹಾಕಿದ ಕಡಲೆಬೇಳೆಯ ಜೊತೆ ಇನ್ನಷ್ಟು ನೆನೆಹಾಕಿದಳು. ದುರ್ಗಾ ನನ್ನ ಹೆಗಲು ತಟ್ಟಿ, “ಹೊಳಿ ಪೊಲೀಸನ ನೌಕರಿ ಪಕ್ಕಾ ಆತು ಕಾಕಾ” ಎಂದಳು.

ಬಜಾರದಲ್ಲಿ ಯಾರಿಗೂ ಹೇಳಲಿಲ್ಲ. ಮರೆತುಹೋಯಿತು.

ಬುಧವಾರ, ೨ ಏಪ್ರಿಲ್

ಯಲಬುರ್ಗಾ ಕಡೆಯ ಮಂಗಳೂರಿನಿಂದ ಕನಕಪ್ಪ ಬಂದಿದ್ದ. ಮಗಳು ಪಂಪಾವತಿಯ ಮದುವೆ. ಅವನು ಕೊಟ್ಟ ಹಾಳೆಯನ್ನು ಒಂದು ಸಲ ಪೂರ್ತಿ ಓದಿಕೊಂಡು ಜೋಡಿಸಿದೆ. ಓದಿದ್ದು ಒಳ್ಳೆಯದಾಯಿತು, ಹುಡುಗಿ ನರ್ಸಿಂಗ್ ಮುಗಿಸಿದ್ದಾಳೆಂದು ಮೂಲೆಯಲ್ಲಿ ಬರೆದು ಹೊಡೆದುಹಾಕಿದ್ದರು. ಯಾಕೆಂದು ಕೇಳಿದೆ. “ಹಾಕಬೇಕಾದವ್ರು ಭಾಳ ಮಂದಿ ಅದಾರ್ರಿ, ಅದಕ್ಕೆಲ್ಲಿ ಜಾಗ?” ಎಂದ ಕನಕಪ್ಪ. “ನಾ ಮಾಡ್ತೀನಿ ಬಿಡ್ರಿ” ಎಂದು ಅವಳ ಹೆಸರಿನ ಕೆಳಗೆ ಕೂರಿಸಿದೆ. ಹಿರಿಯರ ಹೆಸರು ಮೇಲೆ, ಇರಬೇಕಾದಲ್ಲೇ ಇವೆ. ಅದು ಲಗ್ನಪತ್ರಿಕೆ.

ಕನಕಪ್ಪ ಕಟ್ಟು ಒಯ್ದ ಮೇಲೆ ಮಕ್ಬುಲಸಾಬ ಚಹ ತಂದ. ಮೇಜಿನ ಮೇಲೆ ಉಳಿದಿದ್ದ ಪತ್ರಿಕೆಯನ್ನು ಎತ್ತಿ ತಿರುವಿ ನೋಡಿದ. ಹಿಂದೆ ನೋಡಿದ, ಮುಂದೆ ನೋಡಿದ. ಬೆಳಕಿಗೆ ಹಿಡಿದ.

“ಅಣ್ಣಾ, ಕೆಳಗ ನಿಮ್ಮ ಹೆಸರ ಇಲ್ಲಲ್ರಿ! ಸಾಮ್ರಾಟ ಎಲ್ಲಿ ಹೋದ?”

ನೋಡಿದೆ. ಇರಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ.

“ಜಾಗ ಸಾಲಲಿಲ್ಲ” ಎಂದೆ.

ಜಾಗ ಇತ್ತು.